ನೀರು ಸೋಸುವ ಕೃತಕ ಪೊರೆಗಳು

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯತಕ್ಕದ್ದೆಂಬ ವಿಧಿ ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಯತಿಯ ಆಚಾರವನ್ನು ನಿರೂಪಿಸುವಾಗ ಈ ಮಾತು ಬಂದಿದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಕತಕವೃಕ್ಷದ, ಎಂದರೆ ನಮ್ಮ ಹಳ್ಳಿಗರು ಚಿಲ್ಲದ ಮರವೆನ್ನುವ ಮರದ, ಫಲದ ದೃಷ್ಟಾಂತವೂ ಉಂಟು. ಆ ಬೀಜವನ್ನು ತೇಯ್ದು ಹಾಕಿದರೆ ಕದಡಿದ ನೀರು ತಿಳಿಯಾಗುವುದು ದಿಟವೇ. ಆದರೆ ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ತಿಳಿಯಾಗದು ಎಂದು ಸ್ಮೃತಿಕಾರನ ಅಭಿಪ್ರಾಯ. ಜೈನ ಶ್ರಾವಕರಂತೂ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು. ನೀರನ್ನು ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಿಗಳನ್ನು ಕಂಡಕಂಡಲ್ಲಿ ಕೊಡವದೆ, ಯಾವ ಬಾವಿಯಿಂದ ಅಥವಾ ಕೆರೆಯಿಂದ ನೀರು ತಂದರೋ ಅಲ್ಲಿಗೇ ಮರಳಿ ಬಿಡುವುದು ಅವರ ಪದ್ಧತಿ. ಸೋಸಿದ ನೀರಿನ ಕಡೆಗೆ ಮಾತ್ರವಲ್ಲದೆ, ಸೋಸಿ ಉಳಿದುದರ ಕಡೆಗೂ ಲಕ್ಷ್ಯವಿಟ್ಟ ಈ ನಡವಳಿಕೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದರಿಂದ ನಮಗೆ ಕೆಲಸ ಬೀಳುವುದು.

ಬಟ್ಟೆಯ ಸೋಸುವಿಕೆಯನ್ನು ಈಗಿನವರು ಕಡೆಗಣ್ಣಿನಿಂದ ಕಾಣಬೇಕಾದ ಕಾರಣವಿಲ್ಲ. ರೀಟಾ ಕಾಲ್ವೆಲ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಬಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿದ ಪರೀಕ್ಷೆಯ ಫಲವು ೨೦೦೩ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯನ್ನು ನಾಲ್ಕು ಮಡಿಕೆಗೆ ಕಡಮೆಯಿಲ್ಲದಂತೆ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿಕೊಂಡ ಕುಟುಂಬಗಳಲ್ಲಿ ಕಾಲರಾ ರೋಗವು ಹೆಚ್ಚುಕಡಮೆ ಅರ್ಧದಷ್ಟಕ್ಕೆ ಇಳಿಯಿತು. ರೋಗಾಣುಗಳು ಬಟ್ಟೆಯ ಕಣ್ಣಿಗಿಂತ ಎಷ್ಟೋ ಚಿಕ್ಕವಾಗಿದ್ದರೂ ಅವು ನೀರಿನಲ್ಲಿ ಈಜಾಡುವ ಸಣ್ಣ ಹುಳುಗಳ ಮೈಗೆ ಅಂಟಿಕೊಂಡಿರುವುದರಿಂದ, ಹುಳುಗಳೊಡನೆ ಅವೂ ಸಿಕ್ಕಿಬೀಳುವುವು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲು ಬಿಚ್ಚಿ ಹರಡಿಕೊಂಡು ಕಣ್ಣುಗಳು ಕಿರಿದಾಗಿರುವುವು.

ಆದರೆ ಬಟ್ಟೆಯ ಸಾಮರ್ಥ್ಯಕ್ಕೆ ಒಂದು ಮೇರೆಯುಂಟು. ನೀರಿನಲ್ಲಿ ತೇಲುತ್ತಿರುವ ಕಸವನ್ನು ಅದು ತಡೆಯಬಲ್ಲುದು. ಕರಗಿದ ಉಪ್ಪನ್ನು ತಡೆಯಲಾರದು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ಸಾಮಾನ್ಯವಾದ ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್. ವೈರಸ್ಸುಗಳು ಅದರ ಹತ್ತನೆಯ ಒಂದು ಪಾಲು, ಕೆಲವು ಇನ್ನೂ ಚಿಕ್ಕವು. ನೀರಿನ ಒಂದು ಅಣುವಾದರೋ ಮೈಕ್ರಾನಿನ ಸಾವಿರದಲ್ಲೊಂದು ಪಾಲಿನ ಮೂರನೆಯ ಒಂದಂಶಕ್ಕೂ ಕಡಮೆ. ಕರಗಿದ ಉಪ್ಪಿನ ಕಣಗಳು ಅದಕ್ಕಿಂತ ಬಹಳ ದೊಡ್ಡವೇನೂ ಅಲ್ಲ. ಹೀಗಿರುವಾಗ ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಜರಡಿಯೊಂದು ಇರಬಹುದೆಂದು ಯಾರಾದರೂ ಹೇಳಿದ್ದರೆ, ಹಾಲನ್ನೂ ನೀರನ್ನೂ ಬೇರ್ಪಡಿಸುವ ಕವಿಸಮಯದ ಹಂಸದ ಜೊತೆಗೆ ಅದನ್ನೂ ಸೇರಿಸಿ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಇಂದು ಅಂಥ ಜರಡಿಯು ಅತ್ತಿಗುಪ್ಪೆಯ ಮನೆ ಮನೆಯ ಅಡಿಗೆಮನೆಯ ಗೋಡೆಯ ಮೇಲೆ ನೇತಾಡುತ್ತಿದೆ. ಅದರ ಒಳಗಿರುವುದು ಒಂದು ಕೃತಕವಾದ ಪೊರೆ. ಹಾವು ಕಳಚುವ ಪೊರೆ, ಕಣ್ಣಿಗೆ ಬರುವ ಪೊರೆ ಎಂದು ನಾವು ಬಳಸುವ ಅಚ್ಚಗನ್ನಡದ ಮಾತೇ ಇದಕ್ಕೆ ಸರಿಹೊಂದುವುದು. ಬೇರೆ ಶಬ್ದವನ್ನು ಟಂಕಿಸಬೇಕಾಗಿಲ್ಲ.

ನಮ್ಮ ಬಡಾವಣೆಗೆ ಎರಡು ಬಗೆಯ ನೀರು ಒದಗುತ್ತದೆ. ಒಂದು ಕಾವೇರಿಯದು, ಇನ್ನೊಂದು ಕೊಳವೆಬಾವಿಯದು, ಅಥವಾ ಅದರದೇ ಮರಿಯಾದ ಟ್ಯಾಂಕರಿನದು. ಬೆಂಗಳೂರಿಗೆ ೧೮೯೬ರಿಂದ ಹೆಸರಘಟ್ಟದ ನೀರೂ, ೧೯೩೩ರಿಂದ ತಿಪ್ಪಗೊಂಡನಹಳ್ಳಿಯ ನೀರೂ ಬರುತ್ತಿದ್ದು, ಅವು ಸಾಲದಾದುದರಿಂದ ೧೯೭೪ರಲ್ಲಿ ಕಾವೇರಿಯನ್ನು ಕರೆತಂದರೆಂಬುದು ಸರ್ವವಿದಿತ. ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರ್ ದೂರ, ಸುಮಾರು ೫೦೦ ಮೀಟರ್ ಎತ್ತರಕ್ಕೆ, ಮೂರು ಹಂತಗಳಲ್ಲಿ ಯಂತ್ರಗಳಿಂದ ಎತ್ತಿ ಎತ್ತಿ ಈ ನೀರನ್ನು ತರಬೇಕು. ೨೦೨೪ರ ಅಕ್ಟೋಬರಿನಲ್ಲಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಗಿ ದಿನವೊಂದಕ್ಕೆ ೭೭೫ ದಶಲಕ್ಷ ಲೀಟರ್ ನೀರು ಹೆಚ್ಚಾಗಿ ಬರುವಂತಾಯಿತು. ಅದೇ ವರ್ಷದ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಶುದ್ಧನೀರಿನ ಘಟಕಗಳ ಮುಂದೆ ಕ್ಯಾನುಗಳ ಸಾಲು ಬೆಳೆದು, ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಮಾರ್ಚ್ ತಿಂಗಳಲ್ಲಿ ಆ ಘಟಕಗಳನ್ನು ತನ್ನ ಹತೋಟಿಗೆ ತೆಗೆದುಕೊಳ್ಳಬೇಕಾಗಿ ಬಂದಿತ್ತು. ಆ ಘಟಕಗಳೆಲ್ಲವೂ ನಡೆಯುವುದು ನಾವು ಹೇಳಹೊರಟ ಪೊರೆಯಿಂದಲೇ. ನಗರದ ಬಾಯಾರಿಕೆಯು ಅಂಗೈಯಗಲದ ಒಂದು ತೆಳುಹಾಳೆಯ ಮೇಲೆ ನಿಂತಿದೆಯೆಂದ ಮೇಲೆ ಆ ಹಾಳೆಯ ವಿಚಾರವನ್ನು ಗೃಹಸ್ಥರು ತಿಳಿದಿರುವುದು ಉಚಿತವಷ್ಟೆ.

ಮೊದಲು ಪ್ರಕೃತಿಯ ಒಂದು ಸ್ವಭಾವವನ್ನು ಹೇಳಬೇಕು. ಉಪ್ಪಿನಕಾಯಿಗೆ ಮಾವಿನ ಹೋಳುಗಳನ್ನು ಹೆಚ್ಚಿ ಉಪ್ಪು ಬೆರಸಿ ಜಾಡಿಯಲ್ಲಿ ಮುಚ್ಚಿಟ್ಟರೆ ಮೂರು ದಿನಗಳಲ್ಲಿ ಹೋಳುಗಳು ಸುಕ್ಕಿ ಜಾಡಿಯ ತುಂಬ ನೀರು ಬಿಟ್ಟಿರುವುದನ್ನು ನಮ್ಮ ಗೃಹಿಣಿಯರೆಲ್ಲರೂ ಬಲ್ಲರು. ಪಾಯಸಕ್ಕೆಂದು ಒಣದ್ರಾಕ್ಷಿಯನ್ನು ನೆನೆಯಿಟ್ಟರೆ ಅದು ಇದಕ್ಕೆ ವಿಪರೀತವಾಗಿ ಉಬ್ಬುತ್ತದೆ. ಎರಡರಲ್ಲಿಯೂ ನಡೆದಿರುವುದು ಒಂದೇ ಕಾರ್ಯ. ಹಣ್ಣು ಕಾಯಿಗಳ ಜೀವಕೋಶಗಳ ಸುತ್ತಲೂ ಒಂದು ಪೊರೆಯಿದೆ. ಅದರ ಮೂಲಕ ನೀರು ಹಾಯಬಲ್ಲುದು, ಉಪ್ಪು ಸಕ್ಕರೆಗಳು ಸುಲಭವಾಗಿ ಹಾಯಲಾರವು. ಯಾವ ಪಕ್ಕದಲ್ಲಿ ಉಪ್ಪು ಅಥವಾ ಸಕ್ಕರೆ ಸಾಂದ್ರವಾಗಿದೆಯೋ ಆ ಪಕ್ಕಕ್ಕೆ ನೀರು ತಾನಾಗಿ ಹರಿಯುವುದು. ಶಾಲೆಯ ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಅಭಿಸರಣೆ ಎಂದು ಹೆಸರಿಟ್ಟಿದ್ದಾರೆ. ಆ ಹೆಸರಿಟ್ಟ ಪಂಡಿತರು ರಸಿಕರಾಗಿದ್ದಿರಬೇಕು. ಸಂಕೇತಸ್ಥಾನಕ್ಕೆ ಪ್ರಿಯನನ್ನು ಅರಸಿಕೊಂಡು ಹೋಗುವ ನಾಯಿಕೆಗೆ ಅಲಂಕಾರಶಾಸ್ತ್ರದಲ್ಲಿ ಅಭಿಸಾರಿಕೆಯೆಂದು ಹೆಸರು. ಇಲ್ಲಿ ನೀರು ಉಪ್ಪನ್ನು ಅರಸಿಕೊಂಡು ಹೋಗುತ್ತದೆ.

ಹೀಗೆ ಹೋಗುವ ನೀರನ್ನು ತಡೆಯಬೇಕಾದರೆ ಉಪ್ಪಿರುವ ಪಕ್ಕದಿಂದ ಅದಕ್ಕೆದುರಾಗಿ ಒತ್ತಬೇಕು. ಆ ಒತ್ತಡ ಇಷ್ಟೇ ಎಂದು ಗೊತ್ತುಮಾಡಬಹುದು. ಸಮುದ್ರದ ನೀರಿಗೆ ಅದು ವಾಯುಮಂಡಲದ ಒತ್ತಡದ ಸುಮಾರು ೨೫ ಪಟ್ಟಿಗೂ ಮೇಲೆ. ಲೀಟರಿಗೆ ೧೦೦೦ ಮಿಲಿಗ್ರಾಂ ಲವಣವಿರುವ ಕೊಳವೆಬಾವಿಯ ನೀರಿಗಾದರೆ ಒಂದು ಪಟ್ಟಿಗಿಂತಲೂ ಕಡಮೆ. ಆ ಮೇರೆಯನ್ನು ಮೀರಿ ಇನ್ನೂ ಬಲವಾಗಿ ಒತ್ತಿದರೆ ನೀರು ಹಿಂದಕ್ಕೆ ತಿರುಗುವುದು. ಉಪ್ಪನ್ನು ಅಲ್ಲಿಯೇ ಬಿಟ್ಟು ಪೊರೆಯನ್ನು ದಾಟಿ ಈಚೆಗೆ ಬರುವುದು. ಈ ಹಿಮ್ಮುಖವಾದ ಅಭಿಸರಣೆಯನ್ನೇ ಪೇಟೆಯಲ್ಲಿ ಆರ್‌ಓ ಎನ್ನುತ್ತಾರೆ. ಮನೆಯ ಯಂತ್ರವು ಗುರ್ರೆಂದು ಸದ್ದು ಮಾಡುವುದು ಈ ಒತ್ತಡಕ್ಕಾಗಿಯೇ.

ತತ್ತ್ವವು ಹಳೆಯದು. ೧೭೪೮ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿಯು ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಚರ್ಮವನ್ನು ಬಿಗಿದು ನೀರಿನಲ್ಲಿ ಮುಳುಗಿಸಲು, ಚರ್ಮವು ಉಬ್ಬಿಕೊಂಡಿತು. ೧೯೦೧ರಲ್ಲಿ ರಸಾಯನಶಾಸ್ತ್ರಕ್ಕೆ ಮೊಟ್ಟಮೊದಲ ನೊಬೆಲ್ ಬಹುಮಾನವನ್ನು ಪಡೆದ ವಾಂಟ್ ಹಾಫ್ ಮಹಾಶಯನ ಕೀರ್ತಿಗೆ ಈ ಒತ್ತಡದ ಗಣಿತವೂ ಒಂದು ಕಾರಣ. ಆದರೆ ತತ್ತ್ವ ತಿಳಿದಮಾತ್ರಕ್ಕೆ ಕುಡಿಯುವ ನೀರು ಸಿದ್ಧವಾಗುವುದೆ? ಕತಕಫಲದ ಹೆಸರು ಹೇಳಿದಂತೆಯೇ ಸರಿ. ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದ ರೀಡ್ ಮತ್ತು ಬ್ರೆಟನ್ ಎಂಬವರು, ಹಳೆಯ ಸಿನಿಮಾ ಫಿಲ್ಮುಗಳಿಗೆ ಬಳಸುತ್ತಿದ್ದ ಸೆಲ್ಯುಲೋಸ್ ಅಸಿಟೇಟ್ ಎಂಬ ಪದಾರ್ಥದ ಪೊರೆಯು ಉಪ್ಪನ್ನು ಚೆನ್ನಾಗಿ ತಡೆಯುವುದೆಂದು ಕಂಡುಹಿಡಿದರು. ತೊಡಕೇನೆಂದರೆ, ಅದು ನೀರನ್ನೂ ತಡೆಯುತ್ತಿತ್ತು. ತೊಟ್ಟು ತೊಟ್ಟಾಗಿ ಬರುವ ನೀರಿನಿಂದ ಯಾರ ಬಾಯಾರಿಕೆಯೂ ತೀರುವಂತಿರಲಿಲ್ಲ. ಪೊರೆಯನ್ನು ತೆಳುವಾಗಿಸಿದರೆ ಹರಿದುಹೋಗುವುದು. ದಪ್ಪವಾಗಿಸಿದರೆ ನೀರು ಹಾಯದು.

ಈ ಕಗ್ಗಂಟನ್ನು ಬಿಡಿಸಿದವರು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಕೆಲಸಮಾಡುತ್ತಿದ್ದ ಇಬ್ಬರು: ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ನಮ್ಮ ದೇಶದಿಂದ ಹೋದ ಶ್ರೀನಿವಾಸ ಸೌರಿರಾಜನ್. ಇವರ ಕಥೆ ಸ್ವಾರಸ್ಯವಾಗಿದೆ. ಅಂಗಡಿಯಲ್ಲಿ ಮಾರುತ್ತಿದ್ದ ಪೊರೆಯೊಂದನ್ನು ಕೊಂಡು, ನೀರಿನಲ್ಲಿಟ್ಟು ಕಾಯಿಸಿ ಪರೀಕ್ಷೆ ಮಾಡಿದಾಗ, ಒಮ್ಮೆ ಅದು ಚೆನ್ನಾಗಿ ಕೆಲಸಮಾಡಿತು, ಇನ್ನೊಮ್ಮೆ ಏನೂ ಮಾಡಲಿಲ್ಲ. ವಿಚಾರಿಸಿ ನೋಡಿದರೆ, ಪೊರೆಯ ಒಂದು ಮುಖವನ್ನು ಉಪ್ಪುನೀರಿನ ಕಡೆಗಿಟ್ಟಾಗ ಫಲ ಸಿಕ್ಕುತ್ತಿತ್ತು. ಮಗುಚಿ ಹಾಕಿದಾಗ ಸಿಕ್ಕುತ್ತಿರಲಿಲ್ಲ. ನೋಟಕ್ಕೆ ಎರಡು ಮುಖವೂ ಒಂದೇ. ಗುಣದಲ್ಲಿ ಬೇರೆ ಬೇರೆ. ಹಾಗಾದರೆ ಕೆಲಸಮಾಡುವುದು ಮೇಲಿನ ಅತಿ ತೆಳುವಾದ ಪದರವೊಂದೇ, ಕೆಳಗಿನದೆಲ್ಲ ಬರಿಯ ಆಸರೆ ಎಂದು ಅವರಿಗೆ ಹೊಳೆಯಿತು. ಕಾಯಿಸಿದ ಹಾಲಿನ ಮೇಲೆ ಕೆನೆಗಟ್ಟುವಂತೆ, ಮೇಲುಗಡೆ ಒತ್ತಾದ ತೆಳುಪದರವೂ ಕೆಳಗಡೆ ಸ್ಪಂಜಿನಂತೆ ಸಡಿಲವಾದ ದಪ್ಪಪದರವೂ ಇರುವಂತೆ ಪೊರೆಯನ್ನು ಎರಕಹೊಯ್ಯುವ ವಿಧಾನವನ್ನು ೧೯೬೦ರ ಹೊತ್ತಿಗೆ ಅವರು ಸಾಧಿಸಿದರು. ನೀರಿನ ಹರಿವು ಮೊದಲಿನ ಪೊರೆಗಳ ಸುಮಾರು ಹತ್ತರಷ್ಟಾಯಿತು. ಸೌರಿರಾಜನ್ನರು ಮುಂದೆ ಕೆನಡ ದೇಶದ ರಾಷ್ಟ್ರೀಯ ಸಂಶೋಧನ ಮಂಡಲಿಯಲ್ಲಿ ಬಹುಕಾಲ ದುಡಿದು, ಈ ವಿಷಯದ ಮೇಲೆ ೧೯೭೦ರಲ್ಲಿ ದೊಡ್ಡದೊಂದು ಗ್ರಂಥವನ್ನು ಹೊರತಂದರು. ಮನೆ ಮನೆಯಲ್ಲಿ ಆರ್‌ಓ ಯಂತ್ರವನ್ನಿಟ್ಟುಕೊಂಡಿರುವ ನಮ್ಮವರಲ್ಲಿ ಎಷ್ಟು ಮಂದಿ ಈ ಹೆಸರನ್ನು ಕೇಳಿದ್ದಾರು?

೧೯೬೫ರಲ್ಲಿ ಕ್ಯಾಲಿಫೋರ್ನಿಯದ ಕೋಲಿಂಗ ಎಂಬ ಸಣ್ಣ ಊರಿನಲ್ಲಿ ಈ ಪೊರೆಗಳನ್ನಿಟ್ಟು ಊರಿಗೆ ನೀರೊದಗಿಸುವ ಮೊದಲ ಘಟಕವನ್ನು ನಡೆಸಿದರು. ಆ ಊರಿನ ಬಾವಿಯ ನೀರು ಬಾಯಿಗಿಡಲಾಗದಷ್ಟು ಉಪ್ಪಾಗಿದ್ದುದರಿಂದ, ಮೊದಲು ಅಲ್ಲಿನವರು ರೈಲುಬಂಡಿಯಲ್ಲಿ ನೀರನ್ನು ತರಿಸಿಕೊಂಡು ಕುಡಿಯುತ್ತಿದ್ದರು. ಹೊಸ ಘಟಕವು ದಿನಕ್ಕೆ ಸುಮಾರು ೫೦೦೦ ಗ್ಯಾಲನ್ ನೀರನ್ನು ಕೊಟ್ಟಿತು.

ಈಗ ನಮ್ಮ ಮನೆಗಳಲ್ಲಿರುವ ಪೊರೆ ಸೆಲ್ಯುಲೋಸಿನದಲ್ಲ. ೧೯೭೦ರ ದಶಕದಲ್ಲಿ ಅಮೆರಿಕದ ಮಿನಿಯಾಪೊಲಿಸಿನಲ್ಲಿ ಜಾನ್ ಕ್ಯಾಡೊಟ್ ಎಂಬ ರಸಾಯನಜ್ಞನು ತೋರಿಸಿಕೊಟ್ಟ ಮಾರ್ಗದಲ್ಲಿ ಇದು ತಯಾರಾಗುತ್ತದೆ. ಆ ಮಾರ್ಗವು ಹೇಗೆಂದರೆ: ಮೊದಲು ಪಾಲಿಯೆಸ್ಟರಿನ ಬಟ್ಟೆಯೊಂದರ ಮೇಲೆ ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ಕನ್ನು ಸುಮಾರು ೪೦ ಮೈಕ್ರಾನ್ ದಪ್ಪಕ್ಕೆ ಎರೆದು ರಂಧ್ರಮಯವಾದ ಹಾಸನ್ನು ಮಾಡುವರು. ಆ ಹಾಸನ್ನು ಒಂದು ರಾಸಾಯನಿಕವನ್ನು ಕರಗಿಸಿದ ನೀರಿನಲ್ಲಿ ತೋಯಿಸಿ, ಬಳಿಕ ಇನ್ನೊಂದು ರಾಸಾಯನಿಕವನ್ನು ಕರಗಿಸಿದ ಎಣ್ಣೆಯಂಥ ದ್ರವಕ್ಕೆ ಮುಟ್ಟಿಸುವರು. ಎಣ್ಣೆಯೂ ನೀರೂ ಬೆರೆಯವಷ್ಟೆ. ಆದುದರಿಂದ ಎರಡು ರಾಸಾಯನಿಕಗಳೂ ಸಂಧಿಸುವುದು ಎಣ್ಣೆ ನೀರುಗಳ ಗಡಿಯಲ್ಲಿ ಮಾತ್ರ. ಆ ಗಡಿಯಲ್ಲಿಯೇ ಕ್ಷಣಮಾತ್ರದಲ್ಲಿ ಪಾಲಿಯಮೈಡ್ ಎಂಬ, ನೈಲಾನಿನ ಜಾತಿಗೇ ಸೇರಿದ, ಪೊರೆಯು ಕಟ್ಟಿಕೊಳ್ಳುವುದು. ಒಮ್ಮೆ ಕಟ್ಟಿಕೊಂಡ ಪೊರೆಯೇ ಮುಂದಿನ ಕೂಡುವಿಕೆಗೆ ಅಡ್ಡಿಯಾಗುವುದರಿಂದ ಅದು ತಾನಾಗಿ ತೆಳುವಾಗಿಯೇ ನಿಲ್ಲುತ್ತದೆ. ಅದರ ದಪ್ಪ ಮೈಕ್ರಾನಿನ ಹತ್ತನೆಯ ಒಂದೆರಡು ಪಾಲು, ಅಷ್ಟೆ. ಉಪ್ಪನ್ನು ತಡೆಯುವುದೆಲ್ಲ ಇದೊಂದೇ. ಉಳಿದುದೆಲ್ಲ ಇದನ್ನು ಹೊರುವ ಪಲ್ಲಕ್ಕಿ. ಇಂಥ ಹಾಳೆಗಳನ್ನು ನಡುವೆ ಜಾಲರಿಗಳನ್ನಿಟ್ಟು ಚಾಪೆ ಸುತ್ತಿದಂತೆ ಸುತ್ತಿ ಕೊಳವೆಯೊಳಗೆ ತುರುಕುವುದರಿಂದ, ಗೇಣುದ್ದದ ಕೊಳವೆಯಲ್ಲಿ ಬಹಳ ಅಗಲದ ಪೊರೆ ಅಡಗುತ್ತದೆ. ಪೊರೆಯೊಳಗೆ ನೀರು ಹೇಗೆ ಹಾಯುತ್ತದೆಂಬುದರಲ್ಲಿ ಪಂಡಿತರಿಗೆ ಇನ್ನೂ ಏಕಾಭಿಪ್ರಾಯವಿಲ್ಲ. ನೀರು ಪೊರೆಯಲ್ಲಿ ಕರಗಿ ಅಣು ಅಣುವಾಗಿ ನುಸುಳುವುದೆಂದು ದಶಕಗಳಿಂದ ಪಾಠ ಹೇಳುತ್ತಿದ್ದರು. ಹಾಗಲ್ಲ, ಅತಿಸೂಕ್ಷ್ಮವಾದ ರಂಧ್ರಗಳಲ್ಲಿ ಹರಿದೇ ಹೋಗುವುದೆಂಬ ವಾದವನ್ನು ೨೦೨೩ರಲ್ಲಿ ಕೆಲವರು ಬಲವಾಗಿ ಮಂಡಿಸಿದ್ದಾರೆ. ತರ್ಕಶಾಸ್ತ್ರ ಓದಿದವರಿಗೆ ಇಂಥ ಪೂರ್ವಪಕ್ಷ ಸಿದ್ಧಾಂತಗಳು ಹೊಸತಲ್ಲ.

ಪಾಲಿಯಮೈಡಿಗೆ ಒಂದು ವೈರಿಯುಂಟು, ಅದು ಕ್ಲೋರಿನ್. ನಗರದ ನೀರಿನಲ್ಲಿ ರೋಗಾಣುನಾಶಕ್ಕೆಂದು ಹಾಕಿರುವ ಕ್ಲೋರಿನ್ನು ಪೊರೆಯನ್ನು ತಿಂದುಹಾಕುವುದರಿಂದ, ಯಂತ್ರದಲ್ಲಿ ಮೊದಲು ಇದ್ದಲಿನ ಸೋಸುಗವೊಂದನ್ನಿಟ್ಟು ಕ್ಲೋರಿನ್ನನ್ನು ತೆಗೆಯುವರು. ಇದರ ಫಲವೇನೆಂದರೆ, ಹೊರಬರುವ ನೀರಿಗೆ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಯಂತ್ರದ ತೊಟ್ಟಿಯನ್ನು ತಿಂಗಳಾನುಗಟ್ಟಲೆ ತೊಳೆಯದೆ ಬಿಟ್ಟರೆ ಶುದ್ಧವಾದ ನೀರೇ ಮತ್ತೆ ಕೆಡಬಹುದು.

ಇಲ್ಲಿ ನಾವು ನೀರನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋಗಬೇಕಾಗಿದೆ. ಏಕೆಂದರೆ ಪೊರೆಯ ಅತ್ಯಂತ ಪುಣ್ಯಪ್ರದವಾದ ಉಪಯೋಗ ನೀರಿನಲ್ಲಿಲ್ಲ, ರಕ್ತದಲ್ಲಿದೆ. ೧೯೪೩ರಲ್ಲಿ, ಜರ್ಮನರು ಆಕ್ರಮಿಸಿಕೊಂಡಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯನು, ಮಾಂಸದ ಸಾಸೇಜುಗಳಿಗೆ ಹೊದಿಸುವ ಸೆಲ್ಲೊಫೇನ್ ಕೊಳವೆಯನ್ನು ಮರದ ಪೀಪಾಯಿಯೊಂದಕ್ಕೆ ಸುತ್ತಿ, ಅದರೊಳಗೆ ರೋಗಿಯ ರಕ್ತವನ್ನು ಹಾಯಿಸಿ, ಉಪ್ಪುನೀರಿನಲ್ಲಿ ತಿರುಗಿಸಿದನು. ರಕ್ತದ ಕಶ್ಮಲವು ಪೊರೆಯನ್ನು ದಾಟಿ ನೀರಿಗೆ ಹೋಗುವುದು. ರಕ್ತಕಣಗಳು ಒಳಗೇ ಉಳಿಯುವುವು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ; ೧೯೪೫ರಲ್ಲಿ ಒಬ್ಬ ವೃದ್ಧೆ ಈ ಚಿಕಿತ್ಸೆಯಿಂದ ಬದುಕಿದಳು. ಈಗಿನ ಡಯಾಲಿಸಿಸ್ ಯಂತ್ರದಲ್ಲಿ ಸುಮಾರು ಹತ್ತು ಸಾವಿರ ಟೊಳ್ಳು ನೂಲುಗಳಿವೆ. ಒಂದೊಂದರ ಒಳಬಾಯಿ ಸುಮಾರು ೨೦೦ ಮೈಕ್ರಾನ್. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಗಳಲ್ಲಿ ರೋಗಿಯೊಬ್ಬನಿಗೆ ೧೨೦ ಲೀಟರ್ ದ್ರವ ಬೇಕು. ಅದನ್ನು ಆರ್‌ಓ ಪೊರೆಯಿಂದ ಶುದ್ಧಿಮಾಡಿದ ನೀರಿನಿಂದಲೇ ಸಿದ್ಧಪಡಿಸತಕ್ಕದ್ದು. ಒಂದು ಪೊರೆಯ ಸೇವೆಗೆ ಇನ್ನೊಂದು ಪೊರೆ ನಿಂತಿದೆ. ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗಿ ಬರುವ ಬಂಧುಗಳು ಈಗ ಯಾವ ಮನೆತನದಲ್ಲಿ ಇಲ್ಲ? ನಮ್ಮ ದಾಯಾದಿಗಳಲ್ಲಿಯೇ ಒಬ್ಬರು ಹೀಗೆ ಹಲವು ವರ್ಷ ಬದುಕಿ ಮೊಮ್ಮಗನ ಉಪನಯನವನ್ನು ನೋಡಿದರು.

ದೇವರು ಕೊಟ್ಟ ಮೂತ್ರಪಿಂಡದ ಲೆಕ್ಕಾಚಾರವನ್ನಾದರೂ ನೋಡಿ. ಅದು ದಿನಕ್ಕೆ ಸುಮಾರು ೧೮೦ ಲೀಟರ್ ದ್ರವವನ್ನು ಸೋಸುತ್ತದೆ. ಹೊರಗೆ ಬಿಡುವುದು ಒಂದೂವರೆ ಲೀಟರಿನಷ್ಟು ಮಾತ್ರ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ದೇಹಕ್ಕೆ ಮರಳುತ್ತದೆ. ನಮ್ಮ ಅಡಿಗೆಮನೆಯ ಯಂತ್ರವಾದರೋ ಒಂದು ಲೀಟರ್ ನೀರು ಕೊಡುವುದಕ್ಕೆ ಸಾಮಾನ್ಯವಾಗಿ ಮೂರು ಲೀಟರ್ ನೀರನ್ನು ಚರಂಡಿಗೆ ಬಿಡುತ್ತದೆ. ತಡೆದ ಉಪ್ಪೆಲ್ಲ ಪೊರೆಯ ಮೇಲೆಯೇ ನಿಂತರೆ ಪೊರೆ ಕಟ್ಟಿಹೋಗುವುದರಿಂದ ಅದನ್ನು ತೊಳೆದುಕೊಂಡು ಹೋಗಲು ನೀರು ಹರಿಯುತ್ತಲೇ ಇರಬೇಕು ಎಂಬುದು ನಿಜ. ಆದರೂ ನಾಲ್ಕು ಮಂದಿಯ ಕುಟುಂಬವು ಕುಡಿಯುವುದಕ್ಕೂ ಅಡಿಗೆಗೂ ದಿನಕ್ಕೆ ೨೦ ಲೀಟರ್ ಬಳಸಿದರೆ ೬೦ ಲೀಟರ್ ನೀರು ಮೋರಿಗೆ ಹೋಗುವುದು; ತಿಂಗಳಿಗೆ ೧೮೦೦ ಲೀಟರ್. ೧೦೦ ಕಿಲೋಮೀಟರ್ ದೂರದಿಂದ ಹೊತ್ತು ತಂದ ಕಾವೇರಿ ಇದು.

ಕಾವೇರಿಯ ನೀರಿಗೆ ಈ ಯಂತ್ರವೇ ಬೇಕಾಗಿಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ. ಕುಡಿಯುವ ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ ೫೦೦ ಮಿಲಿಗ್ರಾಂ ಒಳಗಿರುವುದು ಲೇಸೆಂದೂ, ಬೇರೆ ನೀರು ಸಿಕ್ಕದಿದ್ದಲ್ಲಿ ೨೦೦೦ದವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಸಂಸ್ಥೆಯು ನಿರ್ಣಯಿಸಿದೆ. ಕಾವೇರಿಯ ನೀರು ಮೊದಲಿನ ಮೇರೆಗೇ ಬಹಳ ಕೆಳಗಿದೆ. ೧೫೦ ಎಂದಿಟ್ಟುಕೊಳ್ಳೋಣ. ನಾಲ್ಕು ಪಾಲಿನಲ್ಲಿ ಒಂದು ಪಾಲು ಉಪ್ಪಿಲ್ಲದೆ ಹೊರಬಂದರೆ, ಉಳಿದ ಮೂರು ಪಾಲಿನಲ್ಲಿ ಲವಣ ೨೦೦ಕ್ಕೆ ಏರುವುದು. ಎಂದರೆ ಕೊಳಕೆಂದು ನಾವು ಚೆಲ್ಲುವ ನೀರೇ ಲವಣದ ಮಟ್ಟಿಗೆ ಮಾನಕಕ್ಕಿಂತ ಉತ್ತಮವಾಗಿದೆ! ೨೦೧೯ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು, ೫೦೦ಕ್ಕಿಂತ ಕಡಮೆ ಲವಣವಿರುವ ಕಡೆ ಈ ಯಂತ್ರಗಳನ್ನು ನಿಷೇಧಿಸಬೇಕೆಂದೂ, ಅವಶ್ಯವಿರುವ ಕಡೆಗಳಲ್ಲಿ ನೂರಕ್ಕೆ ೬೦ಕ್ಕಿಂತ ಹೆಚ್ಚು ಪಾಲು ನೀರನ್ನು ಉಳಿಸಿಕೊಡುವ ಯಂತ್ರಗಳೇ ಇರಬೇಕೆಂದೂ ಹೇಳಿತು. ಆದರೂ ಮಾರಾಟ ನಿಂತಿಲ್ಲ.

ಮಾರುವವರ ಚಮತ್ಕಾರವೊಂದನ್ನು ಇಲ್ಲಿ ಬಯಲುಮಾಡುವುದು ತಪ್ಪಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ತರುಣನು ನಮ್ಮ ಮನೆಗೂ ಬಂದು, ಎರಡು ಲೋಟಗಳಲ್ಲಿ ನಲ್ಲಿಯ ನೀರನ್ನೂ ತನ್ನ ಯಂತ್ರದ ನೀರನ್ನೂ ತುಂಬಿ, ಕಬ್ಬಿಣದ ಕಡ್ಡಿಗಳಿದ್ದ ವಿದ್ಯುದುಪಕರಣವೊಂದನ್ನು ಅದ್ದಿ ಸ್ವಿಚ್ಚು ಒತ್ತಿದನು. ನಲ್ಲಿಯ ನೀರು ಎರಡು ನಿಮಿಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಸಿಗಟ್ಟಿತು. ಅವನ ನೀರು ನಿರ್ಮಲವಾಗಿಯೇ ಉಳಿಯಿತು. ಇಷ್ಟು ದಿನ ಈ ವಿಷವನ್ನೇ ಕುಡಿಯುತ್ತಿದ್ದೆವೆ ಎಂದು ನೆರೆಮನೆಯವರೊಬ್ಬರು ಅಲ್ಲಿಯೇ ಮುಂಗಡ ಕೊಟ್ಟುಬಿಟ್ಟರು. ನಡೆದುದು ಇಷ್ಟೆ: ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಹರಿದಾಗ ಕಡ್ಡಿಯ ಕಬ್ಬಿಣವು ಕರಗಿ ತುಕ್ಕಾಗಿ ತೇಲುತ್ತದೆ, ಲವಣವಿಲ್ಲದ ನೀರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆ ಕೊಳೆ ನೀರಿನದಲ್ಲ, ಕಡ್ಡಿಯದು. ಯಂತ್ರದ ನೀರಿಗೆ ಒಂದು ಚಿಟಿಕೆ ಅಡಿಗೆಯ ಉಪ್ಪನ್ನು ಹಾಕಿ ಇನ್ನೊಮ್ಮೆ ಮಾಡೆಂದರೆ, ಅದೂ ಕಂದಾಗುವುದು.

ಹಾಗಾದರೆ ಕಾವೇರಿಯ ನೀರನ್ನು ಹಾಗೆಯೇ ಕುಡಿಯಬಹುದೆ ಎಂದರೆ, ಅದೂ ಸಲ್ಲದು. ಜಲಮಂಡಳಿಯ ಕೊಳವೆಯಲ್ಲಿ ಬರುವಾಗ ಸರಿಯಿದ್ದ ನೀರು ನಮ್ಮ ಸಂಪಿನಲ್ಲಿಯೂ ಮಾಳಿಗೆಯ ಮೇಲಿನ ತೊಟ್ಟಿಯಲ್ಲಿಯೂ ಕೆಡಬಹುದು. ಅದಕ್ಕೆ ಬೇಕಾದುದು ಉಪ್ಪನ್ನು ತಡೆಯುವ ಪೊರೆಯಲ್ಲ, ರೋಗಾಣುವನ್ನು ತಡೆಯುವ ಪೊರೆ. ಇದೂ ಕೃತಕ ಪೊರೆಯೇ. ಪೇಟೆಯಲ್ಲಿ ಯುಎಫ್ ಎಂದು ಕರೆಯುವರು. ಇದರ ಕಣ್ಣು ಮೈಕ್ರಾನಿನ ನೂರರಲ್ಲೊಂದರಿಂದ ಹತ್ತರಲ್ಲೊಂದು ಪಾಲಿನವರೆಗೆ ಇರುವುದು. ಬ್ಯಾಕ್ಟೀರಿಯಾಗಳು ದಾಟಲಾರವು, ಕಣ್ಣು ಅತಿ ಕಿರಿದಾದ ಪೊರೆಯಲ್ಲಿ ವೈರಸ್ಸುಗಳೂ ಬಹುಮಟ್ಟಿಗೆ ಸಿಕ್ಕಿಬೀಳುವುವು, ಸುಣ್ಣ ಮೆಗ್ನೀಸಿಯಂಗಳು ನೀರಿನಲ್ಲಿಯೇ ಉಳಿಯುವುವು. ನಲ್ಲಿಯ ಒತ್ತಡವೇ ಸಾಕಾದುದರಿಂದ ವಿದ್ಯುತ್ತು ಬೇಡ, ಆಗಾಗ್ಗೆ ತೊಳೆಯುವ ನೀರನ್ನು ಬಿಟ್ಟರೆ ಪೋಲಾಗುವುದೂ ಇಲ್ಲ. ಅದೂ ಬೇಡವೆನ್ನುವವರಿಗೆ ಬಟ್ಟೆಯಲ್ಲಿ ಸೋಸಿ ಕುದಿಸಿ ಆರಿಸಿದ ನೀರು ಇದ್ದೇ ಇದೆ. ಕೊಳವೆ ಬಾವಿಯನ್ನೇ ನಂಬಿದವರು ಮೊದಲು ನೀರಿನ ಪರೀಕ್ಷೆ ಮಾಡಿಸಲಿ. ಲವಣವೋ ನೈಟ್ರೇಟೋ ಮಿತಿಮೀರಿದ್ದರೆ ಆರ್‌ಓ ಯಂತ್ರ ತರಲಿ. ತಂದಮೇಲೆ ಅದರ ಹಿಂದಿನ ಸಣ್ಣ ಕೊಳವೆಯನ್ನು ಮೋರಿಗೆ ಬಿಡದೆ ಬಕೀಟಿಗೆ ಬಿಡಲಿ. ನೆಲ ಒರೆಸಲೂ ಕಕ್ಕಸು ತೊಳೆಯಲೂ ಆ ನೀರು ಧಾರಾಳವಾಗಿ ಆಗುವುದು.

ಪೊರೆಯಿಲ್ಲದೆ ಗತಿಯೇ ಇಲ್ಲವೆನ್ನುವ ಸೀಮೆಗಳೂ ನಮ್ಮ ನಾಡಿನಲ್ಲಿವೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ತಾಲ್ಲೂಕುಗಳಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು, ಒಂದೂವರೆ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುವುದು. ದೊಡ್ಡವರ ಕೀಲು ಬಿಗಿದು ಬೆನ್ನು ಬಾಗುವುದು. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುವುದು. ಇಂಥ ಕಡೆಗಳಿಗೆಂದು ಕರ್ನಾಟಕ ಸರ್ಕಾರವು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಹಳ್ಳಿ ಹಳ್ಳಿಗಳಲ್ಲಿ ಸಾವಿರಾರು ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಾಪಿಸಿತು. ಎರಡು ರೂಪಾಯಿಯದೋ ಐದು ರೂಪಾಯಿಯದೋ ನಾಣ್ಯವನ್ನು ಹಾಕಿದರೆ ೨೦ ಲೀಟರ್ ನೀರು ಸುರಿಯುವುದು. ಇದರಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅನೇಕ ಘಟಕಗಳು ಕೆಟ್ಟು ಬೀಗ ಹಾಕಿಸಿಕೊಂಡಿವೆಯೆಂದು ವಿಧಾನಮಂಡಲದಲ್ಲಿಯೂ ಪತ್ರಿಕೆಗಳಲ್ಲಿಯೂ ಪದೇ ಪದೇ ಪ್ರಸ್ತಾಪ ಬಂದಿದೆ. ಕಟ್ಟಿಸುವುದಕ್ಕೆ ದೊರೆಯುವ ಹಣ ನಡೆಸುವುದಕ್ಕೆ ದೊರೆಯುವುದಿಲ್ಲ. ಪೊರೆಯನ್ನು ಎರಡು ಮೂರು ವರ್ಷಗಳಿಗೊಮ್ಮೆ ಬದಲಾಯಿಸಬೇಕೆಂಬುದು ಯಾರ ಜವಾಬ್ದಾರಿಯೂ ಆಗಿರುವುದಿಲ್ಲ. ಇನ್ನೂ ಒಂದು ಮಾತು. ಮೂರು ಮಿಲಿಗ್ರಾಂ ಫ್ಲೋರೈಡ್ ಇರುವ ನೀರಿನಲ್ಲಿ ಅರ್ಧವನ್ನು ಶುದ್ಧಿಮಾಡಿ ತೆಗೆದರೆ ಉಳಿದರ್ಧದಲ್ಲಿ ಅದು ಹತ್ತಿರಹತ್ತಿರ ಆರಾಗುವುದು. ಆ ನೀರನ್ನು ಘಟಕದ ಹಿಂದಿನ ಹಳ್ಳಕ್ಕೆ ಬಿಟ್ಟರೆ ಅದು ಇಂಗುವುದು ಅದೇ ನೆಲಕ್ಕೆ. ಜೈನರು ಸೋಸಿ ಉಳಿದುದನ್ನು ಮೂಲಕ್ಕೆ ಮರಳಿಸಿದರೆ ಜೀವ ಉಳಿಯುತ್ತಿತ್ತು. ಇಲ್ಲಿ ಮೂಲಕ್ಕೆ ಮರಳುವುದು ವಿಷ. ಸಿಮೆಂಟಿನ ತೊಟ್ಟಿ ಕಟ್ಟಿ ಬಿಸಿಲಿಗೆ ಆವಿಯಾಗಿಸುವುದೇ ಮೊದಲಾದ ಏರ್ಪಾಡು ಘಟಕದೊಡನೆಯೇ ಆಗಬೇಕಿತ್ತು.

ನಮ್ಮ ಪಶ್ಚಿಮ ಬೆಂಗಳೂರಿನ ಕಥೆಯೂ ಇದಕ್ಕೆ ದೂರವಲ್ಲ. ರಾಜಾಜಿನಗರ, ವಿಜಯನಗರ, ಅತ್ತಿಗುಪ್ಪೆಗಳ ಬಚ್ಚಲ ನೀರೆಲ್ಲ ಹರಿಯುವುದು ವೃಷಭಾವತಿಯ ಕಣಿವೆಗೆ. ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿಯ ಗುಡಿಯ ಮಗ್ಗುಲಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಗೆ ಬಿದ್ದು, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನೇ ಸೇರುವ ಈ ನದಿಯನ್ನು ಈಗಿನ ಹುಡುಗರು ನದಿಯೆಂದರೆ ನಂಬುವುದಿಲ್ಲ. ಕೊಳಚೆಯನ್ನು ತಿಳಿನೀರಾಗಿಸುವ ಕೆಲಸಕ್ಕೂ ಪೊರೆ ಬಂದಿದೆ. ೧೯೮೯ರಲ್ಲಿ ಜಪಾನಿನ ಯಾಮಾಮೊಟೊ ಮೊದಲಾದವರು ತೋರಿಸಿದಂತೆ, ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಿರುವ ತೊಟ್ಟಿಯಲ್ಲಿಯೇ ಟೊಳ್ಳು ನೂಲಿನ ಪೊರೆಗಳ ಗೊಂಚಲನ್ನು ಮುಳುಗಿಸಿ ಒಳಗಿನಿಂದ ನೀರನ್ನು ಹೀರಿದರೆ, ಕೆಸರೂ ರೋಗಾಣುಗಳೂ ತೊಟ್ಟಿಯಲ್ಲೇ ನಿಂತು ಕಣ್ಣಿಗೆ ಸ್ಫಟಿಕದಂಥ ನೀರು ಹೊರಬರುವುದು. ಕಬ್ಬನ್ ಉದ್ಯಾನದ ಗಿಡಗಳಿಗೆ ನೀರೊದಗಿಸಲು ಕಟ್ಟಿದ ಚಿಕ್ಕ ಘಟಕವು ಈ ಬಗೆಯದು. ಸಿಂಗಪುರದವರು ಇಂಥ ನೀರನ್ನು ಆರ್‌ಓ ಪೊರೆಗೂ ಹಾಯಿಸಿ ೨೦೦೩ರಿಂದ ಕಾರ್ಖಾನೆಗಳಿಗೆ ಕೊಡುತ್ತಾರೆ, ಸ್ವಲ್ಪವನ್ನು ಕುಡಿಯುವ ನೀರಿನ ಜಲಾಶಯಕ್ಕೂ ಬೆರಸುತ್ತಾರೆ. ಮಡಿವಂತರಾದ ನಮ್ಮಂಥವರಿಗೆ ಕೇಳಿದೊಡನೆ ಮೈ ಮುದುಡುವುದು ಸಹಜ. ಆದರೆ ವೃಷಭಾವತಿಯ ನೀರು ಕಡೆಗೆ ಸೇರುವುದು ಕಾವೇರಿಯನ್ನೇ, ಕೆಳಗಿನ ಊರಿನವರು ಕುಡಿಯುವುದೂ ಅದನ್ನೇ ಎಂಬುದನ್ನು ನೆನೆದರೆ, ಪೊರೆಯಲ್ಲಿ ಹಾಯಿಸಿದ್ದೇ ಹೆಚ್ಚು ಮಡಿಯೆಂದು ಹೇಳಬೇಕಾಗುವುದು.

ಪೊರೆಯ ತಯಾರಿಕೆ ಇನ್ನೂ ಮುಂದುವರಿಯುತ್ತಿದೆ. ನಮ್ಮ ದೇಶದಲ್ಲಿ ಭಾವನಗರದ ಕೇಂದ್ರೀಯ ಲವಣ ಮತ್ತು ಸಮುದ್ರ ರಾಸಾಯನಿಕ ಸಂಶೋಧನಾಲಯವೂ, ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರವೂ ದಶಕಗಳಿಂದ ಸ್ವದೇಶೀ ಪೊರೆಗಳನ್ನು ಮಾಡುತ್ತ ಬಂದಿವೆ; ನಮ್ಮ ನಾಡಿನ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಈ ಸಂಶೋಧನೆ ನಡೆಯುತ್ತಿದೆ. ಅದರ ನೆರೆಯಲ್ಲೇ, ಬೇಸಗೆಯಲ್ಲಿ ನೇತ್ರಾವತಿಯ ನೀರು ಸಾಲದೆ ತೊಂದರೆಪಟ್ಟ ಮಂಗಳೂರಿನ ತೈಲಶುದ್ಧೀಕರಣ ಕಾರ್ಖಾನೆಯು ಕಡಲ ನೀರನ್ನು ಸಿಹಿಯಾಗಿಸುವ ಘಟಕವನ್ನು ಕಟ್ಟಿದೆ. ಆ ಸ್ಥಳದ ಹೆಸರು ತಣ್ಣೀರುಬಾವಿ! ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನಮ್ಮ ನೆರೆಯ ಕೇರಳದಿಂದ ಹೋದ ರಾಹುಲ್ ನಾಯರ್ ಮೊದಲಾದವರು, ಪೆನ್ಸಿಲಿನ ಸೀಸದಿಂದ ದೊರೆಯುವ ಗ್ರಾಫೀನಿನ ಒಂದು ಬಗೆಯಿಂದ ಮಾಡಿದ ಪೊರೆಯು ಅತಿ ಸೂಕ್ಷ್ಮವಾದ ಹೀಲಿಯಂ ಅನಿಲವನ್ನು ಕೂಡ ತಡೆದು, ನೀರಿನ ಆವಿಯನ್ನು ಮಾತ್ರ ಅಡ್ಡಿಯಿಲ್ಲದೆ ಬಿಡುವುದೆಂದು ೨೦೧೨ರಲ್ಲಿ ತೋರಿಸಿದರು. ಜೀವಕೋಶಗಳಲ್ಲಿ ನೀರಿಗೇ ಮೀಸಲಾದ ಬಾಗಿಲುಗಳಿವೆಯೆಂದು ಕಂಡುಹಿಡಿದು ೨೦೦೩ರಲ್ಲಿ ನೊಬೆಲ್ ಪಡೆದ ಪೀಟರ್ ಅಗ್ರೆ ಮಹಾಶಯರ ಶೋಧವನ್ನು ಅನುಸರಿಸಿ, ಆ ಬಾಗಿಲುಗಳನ್ನೇ ಪೊರೆಯಲ್ಲಿ ಕೂಡಿಸುವ ಯತ್ನವೂ ನಡೆದಿದೆ.

ಸವೆದ ಪೊರೆಗಳ ಗತಿಯೇನೆಂಬುದು ಉಳಿದಿರುವ ಪ್ರಶ್ನೆ. ಬಟ್ಟೆ, ಪ್ಲಾಸ್ಟಿಕ್ಕು, ಗೋಂದುಗಳು ಒಂದಕ್ಕೊಂದು ಬೆಸೆದಿರುವುದರಿಂದ ಅವನ್ನು ಬಿಡಿಸಿ ಕರಗಿಸುವುದು ಸುಲಭವಲ್ಲ. ಸಾಮಾನ್ಯವಾಗಿ ಅವು ಕಸದ ಗುಡ್ಡೆಯನ್ನೇ ಸೇರುತ್ತವೆ. ಸ್ಪೇನ್ ದೇಶದಲ್ಲಿ ಇದಕ್ಕೊಂದು ಉಪಾಯವನ್ನು ಪ್ರಯೋಗಿಸಿ ನೋಡಿದ್ದಾರೆ. ಪಾಲಿಯಮೈಡಿಗೆ ಕ್ಲೋರಿನ್ ವೈರಿಯೆಂದೆವಷ್ಟೆ. ಸವೆದ ಪೊರೆಯನ್ನು ಕ್ಲೋರಿನ್ ದ್ರಾವಣದಲ್ಲಿ ನೆನೆಯಿಟ್ಟು ಮೇಲಿನ ತೆಳುಪದರವನ್ನು ಬೇಕೆಂದೇ ತಿನ್ನಿಸಿಬಿಟ್ಟರೆ, ಕೆಳಗಿನ ಹಾಸು ಉಳಿಯುವುದು. ಉಪ್ಪನ್ನು ತಡೆಯಲಾರದಿದ್ದರೂ ರೋಗಾಣುವನ್ನೂ ಕೆಸರನ್ನೂ ತಡೆಯುವ ಯುಎಫ್ ಪೊರೆಯಾಗಿ ಅದು ಇನ್ನೂ ಕೆಲವು ವರ್ಷ ದುಡಿಯುವುದು.